ಕಾನೂನು ಕಟ್ಟೆ: ತಕ್ಕಡಿ ಕೇಳುವ ಪ್ರಶ್ನೆ

ಕಳೆದ ಸಂಚಿಕೆಯಲ್ಲಿ ಬಾಡಿಗೆ ಕರಾರಿನ ಬಗ್ಗೆ ಬರೆಯುವಾಗ, ಬಾಡಿಗೆದಾರರ ಕೋಣೆಯಲ್ಲಿ ಗಾಂಜಾ ಸಿಕ್ಕ ಒಂದು ಪ್ರಸಂಗವನ್ನು ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೆ. ಅದಕ್ಕೆ ಬಂದ ಪತ್ರಗಳೇ ಒಂದು ಕಟ್ಟು. ಹನ್ನೊಂದು ವರ್ಷ ಸರ್ಕಾರಿ ಅಭಿಯೋಜಕಿಯಾಗಿ (ಪಬ್ಲಿಕ್ ಪ್ರಾಸಿಕ್ಯೂಟರ್) ಇಂಥ ಪ್ರಕರಣ ನಡೆಸಿ, ಆಮೇಲೆ ಅದೇ ಕೋರ್ಟ್ ಹಾಲಿನ ಎದುರು ಬದಿಗೆ ಕುರ್ಚಿ ಎಳೆದುಕೊಂಡವಳು ನಾನು. ಎರಡೂ ಕಡೆಯ ಗುಟ್ಟು ಗೊತ್ತು ಅನ್ನುವ ಧೈರ್ಯದ ಮೇಲೆ ಈ ಸಲದ ಪುಟವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ. ಬರೆದವರ ಗುರುತು ಸಿಗದ ಹಾಗೆ ಅಲ್ಲಲ್ಲಿ ವಿವರ ಬದಲಿಸಿದ್ದೇನೆ.

● ನನ್ನ ಮಗ ಎಂಜಿನಿಯರಿಂಗ್ ಕೊನೆಯ ವರ್ಷ. ಬೆಂಗಳೂರಿನಲ್ಲಿ ಇನ್ನಿಬ್ಬರ ಜೊತೆ ರೂಮ್ ಮಾಡಿಕೊಂಡಿದ್ದ. ಹೋದ ತಿಂಗಳು ಪೊಲೀಸರು ರೂಮಿಗೆ ಬಂದು, ಅವನ ಬ್ಯಾಗಿನಲ್ಲಿ 12 ಗ್ರಾಂ ಎಂಡಿಎಂಎ ಅನ್ನುವ ಮಾದಕ ವಸ್ತು ಸಿಕ್ಕಿತು ಅಂತ ಕರೆದುಕೊಂಡು ಹೋದರು. ಮೂವರೂ ದುಡ್ಡು ಹಾಕಿ ತರಿಸಿದ್ದಂತೆ. ಒಬ್ಬರಿಗೂ ಮಾರಿಲ್ಲ ಅಂತ ನನ್ನ ಮೇಲೆ ಆಣೆ ಇಡುತ್ತಾನೆ. ವಕೀಲರು ನೋಡಿದರೆ ಹತ್ತು ವರ್ಷ ಅನ್ನುತ್ತಾರೆ. ಮಾರದೆ ಇದ್ದವನಿಗೆ ಮಾರುವವನ ಶಿಕ್ಷೆ ಹೇಗಾಗುತ್ತದೆ ಮೇಡಂ? ಬೇಲ್ ಯಾವಾಗ ಸಿಗುತ್ತದೆ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಅಮ್ಮಾ, ವಕೀಲರು ಹೆದರಿಸಿ ಫೀಸು ಏರಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಅವರು ಹೇಳಿದ್ದು ಸರಿ. ನಿಮ್ಮ ಪ್ರಶ್ನೆಯಲ್ಲಿರುವ ನ್ಯಾಯ ನನಗೂ ಕಾಣುತ್ತದೆ. ಆದರೆ ಎನ್‌ಡಿಪಿಎಸ್ ಅಂತ ಎಲ್ಲರೂ ಕರೆಯುವ 1985ರ ಮಾದಕ ದ್ರವ್ಯ ಕಾಯ್ದೆ ಆ ಪ್ರಶ್ನೆ ಕೇಳುವುದಿಲ್ಲ. ತಯಾರಿಸುವುದು, ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು, ಸಾಗಿಸುವುದು, ಬಳಸುವುದು ಎಲ್ಲವೂ ಅಲ್ಲಿ ಒಂದೇ ಸೆಕ್ಷನ್ನಿನ ಒಂದೇ ವಾಕ್ಯದಲ್ಲಿ ಅಲ್ಪವಿರಾಮ ಹಾಕಿಕೊಂಡು ಸಾಲಾಗಿ ಕೂತಿವೆ. ಯಾವ ಉದ್ದೇಶಕ್ಕೆ ಇಟ್ಟುಕೊಂಡಿದ್ದ ಅನ್ನುವುದಲ್ಲ, ಎಷ್ಟು ಇಟ್ಟುಕೊಂಡಿದ್ದ ಅನ್ನುವುದೇ ಶಿಕ್ಷೆಯ ಲೆಕ್ಕ. ಐದು ಗ್ರಾಂ ಗಾಂಜಾ ಮಾರಿದವನಿಗೂ ಐದು ಗ್ರಾಂ ಜೇಬಿನಲ್ಲಿಟ್ಟುಕೊಂಡವನಿಗೂ ಗರಿಷ್ಠ ಶಿಕ್ಷೆ ಒಂದೇ. ಅಷ್ಟೇ ನಿಜ, ಯಾರಿಗೂ ಮಾರದೆ ಬ್ಯಾಗಿನಲ್ಲಿ ದೊಡ್ಡ ತೂಕ ಇಟ್ಟುಕೊಂಡವನಿಗೂ ಅದೇ ತೂಕ ಮಾರಿದವನಿಗೂ ಶಿಕ್ಷೆ ಒಂದೇ.

ಮೊದಲು ಹೀಗಿರಲಿಲ್ಲ. ಆರಂಭದ ಕಾಯ್ದೆಯಲ್ಲಿ ಹೆರಾಯಿನ್‌ನಂಥ ಪದಾರ್ಥ ಎಷ್ಟೇ ಸಿಕ್ಕಲಿ, ಹತ್ತು ವರ್ಷವೇ ಕನಿಷ್ಠ. ತಪ್ಪಿಸಿಕೊಳ್ಳಲು ಇದ್ದದ್ದು ಒಂದು ಕಿಂಡಿ: ಸಿಕ್ಕಿದ್ದು ಅಲ್ಪ ಪ್ರಮಾಣ, ಅದೂ ಸ್ವಂತ ಸೇವನೆಗೆ ಅಂತ ಆರೋಪಿಯೇ ಸಾಬೀತು ಮಾಡಬೇಕಿತ್ತು. ಚಟಕ್ಕೆ ಬಿದ್ದ ಬಡವನೂ ಸಾಗಣೆದಾರನೂ ಒಂದೇ ಬ್ಯಾರಕ್ಕಿನಲ್ಲಿ ಕೊಳೆಯುತ್ತಿದ್ದರು. 2001ರ ತಿದ್ದುಪಡಿ ಬಂದು ಮೂರು ಮೆಟ್ಟಿಲು ಮಾಡಿತು. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ (2014ರವರೆಗೆ ಇದು ಆರು ತಿಂಗಳಿತ್ತು), ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಣಿಜ್ಯ ಪ್ರಮಾಣಕ್ಕೆ ಹತ್ತರಿಂದ ಇಪ್ಪತ್ತು ವರ್ಷ, ಜೊತೆಗೆ ಒಂದರಿಂದ ಎರಡು ಲಕ್ಷ ದಂಡ. ನಡುವೆ ಬಿದ್ದರೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಇಲ್ಲಿ ಕನಿಷ್ಠ ಇಲ್ಲ, ನ್ಯಾಯಾಧೀಶರ ಕೈ ಸ್ವಲ್ಪ ಸಡಿಲ.

ಗೆರೆ ಎಲ್ಲಿದೆ ಅನ್ನುವುದು ಒಂದೊಂದು ಪದಾರ್ಥಕ್ಕೆ ಒಂದೊಂದು ಥರ. ಮುಂದಿನ ಜೋಡಿಗಳಲ್ಲಿ ಮೊದಲನೆಯದು ಅಲ್ಪ ಪ್ರಮಾಣದ ಗೆರೆ, ಎರಡನೆಯದು ವಾಣಿಜ್ಯ ಪ್ರಮಾಣದ್ದು. ಗಾಂಜಾಕ್ಕೆ 1 ಕೆಜಿ ಮತ್ತು 20 ಕೆಜಿ. ಚರಸ್‌ಗೆ 100 ಗ್ರಾಂ ಮತ್ತು 1 ಕೆಜಿ. ಹೆರಾಯಿನ್‌ಗೆ 5 ಮತ್ತು 250 ಗ್ರಾಂ, ಕೊಕೇನ್‌ಗೆ 2 ಮತ್ತು 100 ಗ್ರಾಂ. ಎಂಡಿಎಂಎ ಆದರೆ ಅರ್ಧ ಗ್ರಾಂ ಮತ್ತು 10 ಗ್ರಾಂ, ಅಷ್ಟೇ. ನಿಮ್ಮ ಮಗ ಎರಡು ಗ್ರಾಮಿನಷ್ಟು ಗೆರೆಯ ಆಚೆ ಹೋಗಿದ್ದಾನೆ. ಅಡುಗೆಮನೆಯಲ್ಲಿ ಅರ್ಧ ಚಮಚ ಸಕ್ಕರೆ ಹೆಚ್ಚುಕಡಿಮೆಯಾಗುವಷ್ಟು ತೂಕ ಅದು. ಗಾಂಜಾ ಕೇಸುಗಳ ಸುದ್ದಿ ಓದಿ ‘ಇಷ್ಟೇ ಇಷ್ಟು ತಾನೆ’ ಅಂದುಕೊಳ್ಳುವ ಹುಡುಗರು ಈ ವ್ಯತ್ಯಾಸದಲ್ಲೇ ಬೀಳುತ್ತಾರೆ.

ಪೊಟ್ಟಣದಲ್ಲಿ ಇದ್ದದ್ದೆಲ್ಲ ಶುದ್ಧ ಮಾಲಲ್ಲ, ಬೇರೆ ಪುಡಿ ಬೆರೆಸಿರುತ್ತಾರೆ, ಅದನ್ನು ಕಳೆದು ತೂಗಬೇಕಲ್ಲವೇ ಅಂತ ನಿಮಗೆ ಯಾರಾದರೂ ಹೇಳಬಹುದು. 2008ರ ಒಂದು ತೀರ್ಪು ಹಾಗೆ ಹೇಳಿತ್ತು. ಹೀರಾ ಸಿಂಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಈಗ ಬೆರಕೆಯ ಸಮೇತ ಪೂರ್ತಿ ತೂಕವೇ ಲೆಕ್ಕ.

ಇನ್ನು ಬೇಲು. ವಾಣಿಜ್ಯ ಪ್ರಮಾಣವಾದರೆ ಸೆಕ್ಷನ್ 37 ಅಡ್ಡ ನಿಲ್ಲುತ್ತದೆ. ಸರ್ಕಾರಿ ಅಭಿಯೋಜಕರು ವಿರೋಧಿಸಿದಾಗ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ, ಇವೆರಡೂ ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ವಿಚಾರಣೆ ಶುರುವಾಗುವ ಮೊದಲೇ ವಿಚಾರಣೆಯ ಕೊನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದ ಸ್ಥಿತಿ. ಅಭಿಯೋಜಕಿಯ ಕುರ್ಚಿಯಲ್ಲಿದ್ದಾಗ ನಾನೇ ಎಷ್ಟೋ ಅರ್ಜಿಗಳಿಗೆ ಒಂದೂವರೆ ಪುಟದ ಆಕ್ಷೇಪಣೆ ಹಾಕಿ ಕೈತೊಳೆದುಕೊಂಡಿದ್ದೇನೆ. ಸೆಕ್ಷನ್ 37 ಇದ್ದರೆ ಅದಕ್ಕಿಂತ ಹೆಚ್ಚು ಬರೆಯುವ ಕಷ್ಟವೇ ಇರುತ್ತಿರಲಿಲ್ಲ. ಚಾರ್ಜ್‌ಶೀಟಿಗೂ ಪೊಲೀಸರಿಗೆ 180 ದಿನ ಅವಕಾಶ. ಅಭಿಯೋಜಕರ ವರದಿಯ ಮೇಲೆ ಕೋರ್ಟು ಅದನ್ನು ಒಂದು ವರ್ಷದವರೆಗೆ ವಿಸ್ತರಿಸಬಹುದು. ಗಡುವು ಮೀರಿದರೆ ಬೇಲ್ ಕೇಳುವ ಹಕ್ಕು ಹುಟ್ಟುತ್ತದೆ. ಆ ದಿನವನ್ನು ವಕೀಲರು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರಾ ಕೇಳಿ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಸೆಕ್ಷನ್ 37 ಇದ್ದರೂ ಜಾಮೀನು ಕೊಡಬಹುದು ಅಂತ 2023ರಲ್ಲಿ ಮೊಹಮ್ಮದ್ ಮುಸ್ಲಿಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗೆ ಅದು ಇವತ್ತಿನ ಉತ್ತರವಲ್ಲ, ಗೊತ್ತಿರಲಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ‘ಮೂವರೂ ದುಡ್ಡು ಹಾಕಿ ತರಿಸಿದ್ದು’ ಅನ್ನುವುದನ್ನು ನೀವು ಮಗನ ಪರವಾದ ಮಾತು ಅಂದುಕೊಂಡಿದ್ದೀರಿ. ಅಲ್ಲ. ಅದು ಸೆಕ್ಷನ್ 29ರ ಒಳಸಂಚಿಗೆ ನೀವೇ ಹೊಸೆದು ಕೊಡುವ ಹಗ್ಗ. ಒಳಸಂಚು ಅಂದರೆ ಮೂವರಿಗೂ ಪೂರ್ತಿ 12 ಗ್ರಾಮಿನ ಹೊಣೆ. ಒಬ್ಬೊಬ್ಬರ ಬಳಿ ಬೇರೆಬೇರೆಯಾಗಿ ಸಿಕ್ಕಿ, ಸಂಚಿಗೆ ಪುರಾವೆ ಇಲ್ಲದಿದ್ದರೆ ಅವರವರ ತೂಕ ಅವರವರಿಗೆ ಅನ್ನುವ ವಾದಕ್ಕೆ ಜಾಗವಿರುತ್ತದೆ; ನಿಮ್ಮ ಪ್ರಕರಣದಲ್ಲಿ ಸಿಕ್ಕಿದ್ದು ಒಂದೇ ಬ್ಯಾಗಿನಲ್ಲಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಮಾದಕ ದ್ರವ್ಯ ನಿಯಂತ್ರಣ ಅಧಿಕಾರಿಗಳ ಮುಂದೆ ಕೊಟ್ಟದ್ದೂ ಆಗುವುದಿಲ್ಲ ಅಂತ ತೂಫಾನ್ ಸಿಂಗ್ ಪ್ರಕರಣದಲ್ಲಿ 2020ರಲ್ಲಿ ತೀರ್ಮಾನವಾಗಿದೆ. ಆದರೆ ನೆಂಟರಿಷ್ಟರ ವಾಟ್ಸ್ಯಾಪ್ ಗುಂಪಿನಲ್ಲಿ ನೀವು ಬರೆದದ್ದಕ್ಕೆ ಆ ರಕ್ಷಣೆ ಇಲ್ಲ. ಹುಡುಗರ ಚಾಟು, ಯುಪಿಐ ಪಾವತಿ ಇವನ್ನೆಲ್ಲ ಈಗಾಗಲೇ ತೆಗೆದಿಟ್ಟುಕೊಂಡಿರುತ್ತಾರೆ. ವಕೀಲರಿಗೆ ಪೂರ್ತಿ ಹೇಳಿ, ಉಳಿದವರ ಮುಂದೆ ಬಾಯಿ ಮುಚ್ಚಿಕೊಳ್ಳಿ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಕಾಗದಪತ್ರಗಳ ಒಳಗಿದೆ. ಶಿಕ್ಷೆ ಇಷ್ಟು ಕಠಿಣ ಮಾಡಿದ ಕಾಯ್ದೆ ಪೊಲೀಸರಿಗೂ ಅಷ್ಟೇ ಬಿಗಿ ಕಟ್ಟಳೆ ಹಾಕಿದೆ. ಮಾಹಿತಿ ಬಂದಾಗ ಬರೆದುಕೊಂಡು ಮೇಲಧಿಕಾರಿಗೆ ಕಳಿಸಿದರೇ? ಸೂರ್ಯ ಮುಳುಗಿದ ಮೇಲೆ ವಾರಂಟಿಲ್ಲದೆ ಕೋಣೆಗೆ ನುಗ್ಗಿದ್ದರೆ ಕಾರಣ ದಾಖಲಿಸಿದರೇ? ಮೈ ತಪಾಸಣೆ ಮಾಡಿದ್ದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಿಕೊಳ್ಳುವ ಹಕ್ಕಿದೆ ಅಂತ ಅವನಿಗೆ ತಿಳಿಸಿದರೇ? (ಬ್ಯಾಗಿಗೆ ಈ ಕೊನೆಯದು ಅನ್ವಯಿಸುವುದಿಲ್ಲ, ಆ ಆಸೆ ಬಿಡಿ.) ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆದರೇ? ಮಹಜರಿನಲ್ಲಿರುವ ತೂಕಕ್ಕೂ ಪ್ರಯೋಗಾಲಯಕ್ಕೆ ಹೋದ ತೂಕಕ್ಕೂ ತಾಳೆಯಾಗುತ್ತದೆಯೇ? ಪಂಚರು (ಮಹಜರಿನ ಸಾಕ್ಷಿಗಳು) ಯಾರು, ಇನ್ನೆಷ್ಟು ಕೇಸಿನಲ್ಲಿ ಅವರೇ ಪಂಚರು? ಗೆರೆಯಿಂದ ಎರಡೇ ಗ್ರಾಂ ಆಚೆ ಇರುವ ಪ್ರಕರಣದಲ್ಲಿ, ಪ್ಲಾಸ್ಟಿಕ್ ಪೊಟ್ಟಣ ಬಿಟ್ಟು ತೂಗಿದ್ದಾರೋ ಸೇರಿಸಿ ತೂಗಿದ್ದಾರೋ ಅನ್ನುವುದೇ ಮೊಕದ್ದಮೆಯ ಹಣೆಬರಹ ಬದಲಿಸಬಹುದು. ಮೊದಲು ಅದನ್ನು ನೋಡಿಸಿ.

ಠಾಣೆಯ ಎದುರಿನ ಟೀ ಅಂಗಡಿಯಲ್ಲಿ ‘ತೂಕ ಇಳಿಸಿ ಕೊಡ್ತೀನಿ’ ಅನ್ನುವ ಒಬ್ಬ ಸಿಕ್ಕೇ ಸಿಗುತ್ತಾನೆ. ಅವನಿಗೆ ಕೊಡಲು ಒಡವೆ ಅಡ ಇಡಬೇಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು.

● ವಿದೇಶಿ ಸರಣಿಗಳಲ್ಲಿ ಚಿಕ್ಕ ತಕ್ಕಡಿ, ಖಾಲಿ ಪೊಟ್ಟಣ, ನೋಟಿನ ಕಂತೆ ಸಿಕ್ಕರೆ ‘ಮಾರುವ ಉದ್ದೇಶ’ ಅಂತ ಕೇಸು ಗಟ್ಟಿಯಾಗುತ್ತದೆ. ನಮ್ಮಲ್ಲಿ ಅವು ಲೆಕ್ಕಕ್ಕೇ ಇಲ್ಲವೇ?
– ಆರ್. ಕೆ., ಶಿವಮೊಗ್ಗ

ಲೆಕ್ಕಕ್ಕಿವೆ, ಆದರೆ ಬೇರೆ ಪುಟದಲ್ಲಿ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಸುಮ್ಮನೆ ಇಟ್ಟುಕೊಂಡದ್ದು ಒಂದು ಅಪರಾಧ, ಹಂಚುವ ಉದ್ದೇಶದಿಂದ ಇಟ್ಟುಕೊಂಡದ್ದು ಅದಕ್ಕಿಂತ ಬಹಳ ದೊಡ್ಡ ಇನ್ನೊಂದು. ಹಾಗಾಗಿ ಅಲ್ಲಿನ ಅಭಿಯೋಜಕರಿಗೆ ಆ ತಕ್ಕಡಿ, ಪೊಟ್ಟಣ ಬೇಕೇ ಬೇಕು. ತೂಕವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಹಂಚುವ ಉದ್ದೇಶ ಸಾಬೀತಾದ ಮೇಲೆ: 500 ಗ್ರಾಂ ಕೊಕೇನ್‌ಗೆ ಕನಿಷ್ಠ ಐದು ವರ್ಷ, 5 ಕೆಜಿಗೆ ಕನಿಷ್ಠ ಹತ್ತು.

ನಮ್ಮಲ್ಲಿ ಅವೇ ವಸ್ತುಗಳು ಒಳಸಂಚು ತೋರಿಸಲು, ಬೇಲ್ ವಿರೋಧಿಸಲು ಉಪಯೋಗಕ್ಕೆ ಬರುತ್ತವೆ. ಕನಿಷ್ಠಕ್ಕಿಂತ ಹೆಚ್ಚು ಶಿಕ್ಷೆ ಕೊಡುವಾಗ ಏನೇನು ಗಮನಿಸಬಹುದು ಅಂತ ಸೆಕ್ಷನ್ 32ಬಿ ಪಟ್ಟಿ ಕೊಡುತ್ತದೆ. ಆಯುಧ ಬಳಸಿದ್ದು, ಸರ್ಕಾರಿ ಹುದ್ದೆಯಲ್ಲಿದ್ದು ಮಾಡಿದ್ದು, ಮಕ್ಕಳನ್ನು ಬಳಸಿಕೊಂಡದ್ದು, ಶಾಲೆ ಕಾಲೇಜಿನ ಒಳಗೆ ಅಥವಾ ಆಸುಪಾಸಿನಲ್ಲಿ ನಡೆಸಿದ್ದು, ಸಂಘಟಿತ ಗುಂಪಿನವನಾಗಿದ್ದು. ಮಕ್ಕಳ ಕೈಯಲ್ಲಿ ಮಾಲು ಸಾಗಿಸಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಪ್ರತ್ಯೇಕವಾಗಿ ಏಳು ವರ್ಷದವರೆಗೆ ಸಜೆ ಇದೆ.

ನಿಮಗೆ ಕಾಣದ ವ್ಯತ್ಯಾಸ ಇನ್ನೊಂದಿದೆ. ಸರಣಿಯ ವಕೀಲರು ‘ಸಾಬೀತು ಮಾಡುವುದು ಸರ್ಕಾರದ ಕೆಲಸ’ ಅಂತ ಎದೆ ತಟ್ಟುತ್ತಾರಲ್ಲ, ಇಲ್ಲಿ ಅಷ್ಟು ಸಲೀಸಲ್ಲ. ಮಾಲು ನಿಮ್ಮ ವಶದಲ್ಲಿತ್ತು ಅಂತ ತೋರಿಸಿದ ಮೇಲೆ, ಅದು ನಿಮಗೆ ಗೊತ್ತಿತ್ತು ಅಂತ ಸೆಕ್ಷನ್ 35 ಮತ್ತು 54 ಊಹಿಸಿಕೊಳ್ಳುತ್ತವೆ. ಗೊತ್ತಿರಲಿಲ್ಲ ಅನ್ನುವವನು ಸಂಶಯಕ್ಕೆ ಎಡೆಯಿಲ್ಲದ ಹಾಗೆ ತೋರಿಸಬೇಕು. ಸಾಮಾನ್ಯ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಆರೋಪಿಯ ಮೇಲೆ ಇಷ್ಟು ಭಾರ ಬೀಳುವುದಿಲ್ಲ.

● ನಮ್ಮದು ನಾಲ್ಕು ಎಕರೆ. ವಯಸ್ಸಾಯಿತು ಅಂತ ಒಬ್ಬನಿಗೆ ಕೋರಿಗೆ (ಬೆಳೆಯಲ್ಲಿ ಪಾಲಿಗೆ) ಕೊಟ್ಟಿದ್ದೆ. ಅವನು ಜೋಳದ ನಡುವೆ ಗಾಂಜಾ ಹಾಕಿದ್ದ. ಪೊಲೀಸರು 40 ಗಿಡ ಕಿತ್ತು, ಪಹಣಿ ನನ್ನ ಹೆಸರಲ್ಲಿದೆ ಅಂತ ನನ್ನನ್ನೇ ಎ1 (ಮೊದಲನೇ ಆರೋಪಿ) ಮಾಡಿದ್ದಾರೆ. ತಾಯೀ, ನಾನು ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಅಜ್ಜಾರೇ, ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬೆಳೆದವರು ನೀವೇ ಆಗುವುದಿಲ್ಲ. ಕೋರಿಗೆ ಕೊಟ್ಟದ್ದಕ್ಕೆ ಕಾಗದ ಇದೆಯೇ? ಇಲ್ಲದಿದ್ದರೆ ಅವನು ಕೊಟ್ಟ ಪಾಲಿನ ಹಣ ಬ್ಯಾಂಕಿಗೆ ಬಂದದ್ದು, ಬೀಜ ಗೊಬ್ಬರ ಅವನ ಹೆಸರಲ್ಲಿ ಕೊಂಡ ರಸೀದಿ, ಅಕ್ಕಪಕ್ಕದ ಹೊಲದವರ ಮಾತು, ಇವೇ ಈಗ ನಿಮ್ಮ ಕರಾರು ಪತ್ರ. ಇವತ್ತೇ ಹುಡುಕಿಸಿ.

ಗಿಡ ಬೆಳೆಯುವುದಕ್ಕೆ ತೂಕದ ಮೆಟ್ಟಿಲಿಲ್ಲ. ಒಂದು ಗಿಡವಾದರೂ ನಲವತ್ತಾದರೂ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಒಳ್ಳೆಯದೇನೆಂದರೆ ಕನಿಷ್ಠ ಶಿಕ್ಷೆಯೂ ಇಲ್ಲ, ಬರೀ ಬೆಳೆದ ಆರೋಪಕ್ಕೆ ಸೆಕ್ಷನ್ 37ರ ಅಡ್ಡಗೋಡೆಯೂ ಇಲ್ಲ. ಅದಕ್ಕೇ ಪೊಲೀಸರು ಕೆಲವೊಮ್ಮೆ ಕಿತ್ತ ಗಿಡಗಳನ್ನು ತೂಗಿ ‘ಇಷ್ಟು ಕೆಜಿ ಗಾಂಜಾ’ ಅಂತ ಸೇರಿಸಿಬಿಡುತ್ತಾರೆ. ಅಲ್ಲಿ ಕಣ್ಣಿಡಿ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ.

ನಾನು ಸರ್ಕಾರದ ಕಡೆ ಇದ್ದಾಗ ಇಂಥದೇ ಒಂದು ಕೇಸು. ಮಹಜರಿನಲ್ಲಿ 23 ಕೆಜಿ. ಪಾಟೀಸವಾಲಿಗೆ ಎದ್ದ ಎದುರು ವಕೀಲರು, ತೆಳ್ಳಗಿನ ಮುದುಕರು, ಕೇಳಿದ್ದು ಎರಡೇ ಪ್ರಶ್ನೆ. ‘ಹಸಿ ಗಿಡ ತೂಗಿದಿರೋ ಒಣಗಿಸಿದಿರೋ?’ ಹಸಿ ಅಂದರು ಸಬ್‌ಇನ್‌ಸ್ಪೆಕ್ಟರ್. ‘ಬೇರಿನ ಮಣ್ಣು ಕೊಡವಿದಿರಾ?’ ಅವರು ನನ್ನ ಕಡೆ ನೋಡಿದರು. ನಾನು ಫೈಲಿನ ಕಡೆ ನೋಡಿದೆ. ಆ ಮುದುಕರ ಹತ್ತಿರ ನಾನು ಕಲಿತದ್ದು ಕಾನೂನು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ನಿಮಗೆ ಸೊಂಟ ಹಿಡಿಯುವ ಜಾಗ ಸೆಕ್ಷನ್ 46. ತನ್ನ ಜಮೀನಿನಲ್ಲಿ ಗಾಂಜಾ ಇದೆ ಅಂತ ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಮಾಲೀಕನಿಗೂ ಶಿಕ್ಷೆ ಉಂಟು. ಕೊನೆಯ ಸಲ ಹೊಲಕ್ಕೆ ಹೋಗಿದ್ದು ಯಾವಾಗ ಅಂತ ಕೇಳಿಯೇ ಕೇಳುತ್ತಾರೆ. ಮಂಡಿ ನೋವಿಗೆ ಆಸ್ಪತ್ರೆಗೆ ಓಡಾಡಿದ ಚೀಟಿ ಇದ್ದರೆ ಅದನ್ನೂ ವಕೀಲರಿಗೆ ಕೊಡಿ.

● ನಮ್ಮ ಪಿಜಿಯಲ್ಲಿ 30 ಹುಡುಗರಿದ್ದಾರೆ. ಯಾರದೋ ಕಪಾಟಿನಲ್ಲಿ ಏನೋ ಸಿಕ್ಕರೆ ನಾನೂ ಒಳಗೆ ಹೋಗಬೇಕೇ?
– ಎಂ. ಎನ್., ಮೈಸೂರು

ಗೊತ್ತಿದ್ದು ಬಿಟ್ಟುಕೊಟ್ಟಿದ್ದರೆ ಮಾತ್ರ. ಜಾಗದ ಮಾಲೀಕರನ್ನು ಹಿಡಿಯುವ ಸೆಕ್ಷನ್ 25ರ ಜೀವ ಇರುವುದು ‘ಗೊತ್ತಿದ್ದೂ’ ಅನ್ನುವ ಒಂದು ಪದದಲ್ಲಿ. ಗೊತ್ತಿದ್ದರೆ ಆ ಹುಡುಗನಿಗೆ ಆಗುವ ಶಿಕ್ಷೆಯೇ ನಿಮಗೂ. ವಾಸನೆ ಬರುತ್ತಿದೆ ಅಂತ ಪಕ್ಕದ ಕೋಣೆಯವನು ನಿಮಗೆ ಮೆಸೇಜು ಕಳಿಸಿ, ನೀವು ನೀಲಿ ಟಿಕ್ ಬಿಟ್ಟು ಸುಮ್ಮನಾಗಿದ್ದರೆ, ಗೊತ್ತಿರಲಿಲ್ಲ ಅನ್ನುವುದು ಕಷ್ಟ. ದೂರು ಬಂದರೆ ಹತ್ತಿರದ ಠಾಣೆಗೋ ಸಿಇಎನ್ (ಸೈಬರ್, ಆರ್ಥಿಕ, ಮಾದಕ ಅಪರಾಧಗಳ) ಠಾಣೆಗೋ ಬರಹದಲ್ಲಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. 1933 ಅನ್ನುವ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಕಪಾಟು ನೀವೇ ಒಡೆದು ನೋಡುವ ಸಾಹಸ ಬೇಡ.

● ಅತ್ತೆಗೆ 78. ದಿನಾ ಆಲ್ಪ್ರಜೋಲಾಮ್ ನಿದ್ದೆ ಮಾತ್ರೆ. ಮೂರು ತಿಂಗಳಿಗಾಗುವಷ್ಟು ಕಟ್ಟಿಕೊಂಡು ರೈಲಿನಲ್ಲಿ ಹೋಗುತ್ತಾರೆ. ಇದೂ ಎನ್‌ಡಿಪಿಎಸ್‌ಗೆ ಬರುತ್ತದೆ ಅಂತ ಕೇಳಿ ಗಾಬರಿಯಾಗಿದ್ದೇವೆ.
– ಸುಮಾ, ಧಾರವಾಡ

ಬರುತ್ತದೆ, ಗಾಬರಿ ಬೇಡ. ವೈದ್ಯಕೀಯ ಅಗತ್ಯಕ್ಕೆ ಒಬ್ಬರು ಒಂದು ಸಲಕ್ಕೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಬಹುದು ಅಂತ ನಿಯಮವೇ ಇದೆ. ದೀರ್ಘಕಾಲದ ಚಿಕಿತ್ಸೆ ಅಂತ ವೈದ್ಯರು ನಿರ್ದಿಷ್ಟವಾಗಿ ಬರೆದುಕೊಟ್ಟಿದ್ದರೆ 300ರವರೆಗೆ. ದಿನಕ್ಕೆ ಒಂದರಂತೆ ಮೂರು ತಿಂಗಳಿಗೆ ಸುಮಾರು 90, ಅತ್ತೆ ಗೆರೆಯ ಒಳಗೇ ಇದ್ದಾರೆ. ಮಾತ್ರೆ ಕವಚದಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡಿ, ಚೀಟಿ ಜೊತೆಗಿರಲಿ.

● ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ 200 ಗ್ರಾಂ ಎಂಡಿಎಂಎ ಸಿಕ್ಕಿದೆ, ವಿಡಿಯೋ ಕರೆಯಲ್ಲೇ ಬಂಧನ’ ಅಂತ ಫೋನ್ ಬಂತು. ಇಟ್ಟುಬಿಟ್ಟೆ. ನಿಜವಾಗಿದ್ದರೆ?
– ನಿವೃತ್ತ ಶಿಕ್ಷಕ, ಮಂಡ್ಯ

ಮೇಷ್ಟ್ರೇ, ಇಟ್ಟದ್ದು ಸರಿ. ವಿಡಿಯೋ ಕರೆಯಲ್ಲಿ ಬಂಧಿಸುವ ಸೆಕ್ಷನ್ ಈ ದೇಶದ ಯಾವ ಕಾಯ್ದೆಯಲ್ಲೂ ಇಲ್ಲ. ನಿಜವಾಗಿದ್ದರೆ, ಅಷ್ಟು ತೂಕಕ್ಕೆ ಮೊದಲು ಫೋನ್ ಮಾಡಿ ಹೇಳುತ್ತಿರಲಿಲ್ಲ, ಬೆಳಗಿನ ಜಾವ ಬಾಗಿಲು ತಟ್ಟುತ್ತಿದ್ದರು. ಆ ನಂಬರನ್ನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

● ಅಣ್ಣ ಎರಡು ವರ್ಷದಿಂದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾನೆ. ಈಚೆಗೆ ಸಣ್ಣ ಪೊಟ್ಟಣದ ಜೊತೆ ಸಿಕ್ಕಿ ಕೇಸಾಗಿದೆ, ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಆಸ್ಪತ್ರೆಗೆ ಸೇರಿಸಿದರೆ ವ್ಯಸನಿ ಅಂತ ಒಪ್ಪಿಕೊಂಡಂತಾಗಿ ಕೇಸು ಬಿಗಿಯಾಗುತ್ತದೆ, ಸುಮ್ಮನಿರು ಅಂತ ಅಪ್ಪ ಹೇಳುತ್ತಾರೆ.
– ತಂಗಿ, ದಕ್ಷಿಣ ಕನ್ನಡ

ಅಪ್ಪನ ಲೆಕ್ಕ ಪೂರ್ತಿ ತಿರುವುಮುರುವಾಗಿದೆ ಕಣಮ್ಮ. ಇಡೀ ಕಾಯ್ದೆಯಲ್ಲಿ ಮನಸ್ಸು ಕರಗಿದ ಎರಡು ಸೆಕ್ಷನ್ ಇದ್ದರೆ ಅವು ನಿನ್ನ ಅಣ್ಣನಂಥವರಿಗೇ ಇವೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ, ಸೆಕ್ಷನ್ 64ಎ ಪ್ರಕಾರ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಷರತ್ತು ಒಂದೇ, ಚಿಕಿತ್ಸೆ ಪೂರ್ತಿ ಮಾಡಿಸಿಕೊಳ್ಳಬೇಕು. ನಡುವೆ ಓಡಿಬಂದರೆ ರಕ್ಷಣೆ ಹಿಂತೆಗೆದುಕೊಳ್ಳಬಹುದು. ಒಂದು ವೇಳೆ ತಪ್ಪಿತಸ್ಥ ಅಂತ ತೀರ್ಪಾದರೂ, ಜೈಲಿನ ಬದಲು ಅವನ ಒಪ್ಪಿಗೆಯ ಮೇಲೆ ಚಿಕಿತ್ಸೆಗೆ ಕಳಿಸುವ ಅಧಿಕಾರ ಸೆಕ್ಷನ್ 39ರಲ್ಲಿ ನ್ಯಾಯಾಲಯಕ್ಕಿದೆ. ನನ್ನ ಅನುಭವದಲ್ಲಿ ಇವೆರಡನ್ನೂ ಕೇಳುವ ವಕೀಲರು ಕಡಿಮೆ. ನಿನ್ನ ವಕೀಲರಿಗೆ ಈ ಪುಟ ಹರಿದು ತೋರಿಸಿದರೂ ನನಗೆ ಬೇಸರವಿಲ್ಲ.

ವೈದ್ಯರ ಮುಂದೆ ಹೇಳಿದ್ದು ಊರಿಗೆ ಗೊತ್ತಾಗುತ್ತದೆ ಅನ್ನುವ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾದಕ ವ್ಯಸನವನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ, ರೋಗಿಯ ಗುಟ್ಟು ಕಾಪಾಡುವುದು ವೈದ್ಯರ ಹೊಣೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ನಿಮ್ಮ ಹತ್ತಿರದ ಮಾನ್ಯ ಕೇಂದ್ರ ಯಾವುದು ಅಂತ ತಿಳಿಯಲು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡು. ಮನೆಯಲ್ಲೇ ಕೋಣೆಗೆ ಬೀಗ ಹಾಕಿ ಬಿಡಿಸುತ್ತೇವೆ ಅನ್ನುವ ಯೋಚನೆ ಯಾರಿಗಾದರೂ ಬಂದಿದ್ದರೆ ತಡೆ. ದಿಢೀರನೆ ನಿಲ್ಲಿಸಿದಾಗ ಮೈ ಹೇಗೆ ತಿರುಗಿ ಬೀಳುತ್ತದೆ ಅಂತ ನೋಡಿಕೊಳ್ಳುವುದು ವೈದ್ಯರ ಕೆಲಸ.

ಸೇರಿಸುವ ಮೊದಲು ಆ ಕೇಂದ್ರಕ್ಕೆ ಸರ್ಕಾರದ ಮಾನ್ಯತೆ ಇದೆಯೇ ಅಂತ ಕಾಗದದಲ್ಲೇ ನೋಡು, ಫಲಕ ನೋಡಿ ನಂಬಬೇಡ. ದಾಖಲಾತಿ ಚೀಟಿ, ಪ್ರತಿ ಭೇಟಿಯ ತಾರೀಖು, ಕೊನೆಗೆ ಡಿಸ್ಚಾರ್ಜ್ ಪತ್ರ, ಎಲ್ಲದರ ಎರಡೆರಡು ಪ್ರತಿ ಮಾಡಿಸಿಕೋ. ಒಂದು ಮುಂದಿನ ವೈದ್ಯರಿಗೆ, ಇನ್ನೊಂದು ನಮ್ಮಂಥವರಿಗೆ.